ವೈನಿ ಹೇಳಬೇಕಾಗಿದ್ದ ಒಡಪು

ಹೋದ ವಾರ ವಿಜಾಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಬಯಲಿನಲ್ಲಿ ನಾಟಕ ಕಂಪನಿಯವರು ಪೆಟ್ಟಿಗೆಗಳನ್ನು ಬಿಚ್ಚಿ, ವೇಷದ ಬಟ್ಟೆಗಳನ್ನು ಹಗ್ಗದ ಮೇಲೆ ಬಿಸಿಲಿಗೆ ಹಾಕಿದ್ದರು. ಟ್ರೇನಿಂಗ್ ಕಾಲೇಜಿನಿಂದ ಕೋಣೆಗೆ ಮರಳುತ್ತಿದ್ದ ನನಗೆ ನುಸಿಗುಳಿಗೆ, ಕೊಬ್ಬರಿ ಎಣ್ಣೆ, ಮುಖಕ್ಕೆ ಬಳಿಯುವ ಅರದಾಳ ಎಲ್ಲ ಕೂಡಿದ ವಾಸನೆ ಬಂತು. ನಮ್ಮೂರು ಟಿಕೋಟಾದಲ್ಲಿ ಪಕ್ಕದ ಮನೆಯ ವೈನಿ ತನ್ನ ಟ್ರಂಕು ತೆರೆದಾಗ ಇದೇ ವಾಸನೆ ಬರುತ್ತಿತ್ತು. ಸ್ವಲ್ಪ ಹೊತ್ತು ಅಲ್ಲಿಯೇ ನಿಂತೆ…

ಅವಳ ಗಂಡ ನಮ್ಮ ಓಣಿಯ ಸಿಂಪಿಗ. ಅವನನ್ನು ನಾವೆಲ್ಲ ಅಣ್ಣ ಎನ್ನುತ್ತಿದ್ದುದರಿಂದ ಅವಳು ವೈನಿ, ಅಂದರೆ ಅತ್ತಿಗೆಯಾದಳು. ಯಾವ ದಿನ ಮಳೆ ಬಂತು, ಯಾರ ಮನೆಗೆ ಬೀಗರು ಬಂದರು ಎಂದು ದಿನಚರಿಯಲ್ಲಿ ಬರೆದಿಡುವುದು ನನಗೆ ಸಾಲೆಯ ದಿನಗಳಿಂದಲೂ ರೂಢಿ. ವೈನಿ ನಮ್ಮ ಓಣಿಗೆ ಬಂದದ್ದು ೧೯೬೧ರ ಮಾಘದಲ್ಲಿ, ಒಂದು ಸೋಮವಾರ, ಮಧ್ಯಾಹ್ನದ ಬಸ್ಸಿಗೆ. ಆಗ ನಾನು ಹದಿನಾರರ ಹುಡುಗಿ.

ಅದಕ್ಕೂ ಮೊದಲು ಅವಳು ಪಾತ್ರ ಮಾಡುತ್ತಿದ್ದ ನಾಟಕ ಕಂಪನಿ ಬಬಲೇಶ್ವರದಲ್ಲಿ ಬೀಡುಬಿಟ್ಟಿತ್ತು. ಹರಿದ ಪರದೆ ಹೊಲಿಯಲು ಅಣ್ಣನನ್ನು ಕರೆಸಿದ್ದರು. ಅವನ ಮೊದಲ ಹೆಂಡತಿ ತೀರಿಕೊಂಡು ಬಹಳ ವರ್ಷಗಳಾಗಿದ್ದವು; ಮಕ್ಕಳಿರಲಿಲ್ಲ. ಪರದೆಯ ಹರಕು ಮುಗಿದರೂ ಅವನು ಬಬಲೇಶ್ವರಕ್ಕೆ ಹೋಗಿಬರುವುದು ಮುಗಿಯಲಿಲ್ಲ. “ಪರದೆ ನಾನ ಹರೀತೇನಿ ಅಂತ ಮಾಲಕರಿಗೆ ಸಂಶೆ ಬಂದಿತ್ತು” ಎಂದು ವೈನಿ ಆಮೇಲೆ ಹೇಳಿ ನಗುತ್ತಿದ್ದಳು. ಕಂಪನಿ ಬೇರೆ ಊರಿಗೆ ಹೊರಟಾಗ ಅವಳು ಅದರ ಜೊತೆ ಹೋಗಲಿಲ್ಲ. ವಿಜಾಪುರದ ಒಂದು ಗುಡಿಯಲ್ಲಿ ಇಬ್ಬರೂ ಮಾಲೆ ಹಾಕಿಕೊಂಡು ಊರಿಗೆ ಬಂದರು.

ಟಿಕೋಟಾ ಅವಳಿಗೆ ಹಿಡಿಸಿತ್ತು. “ಇಲ್ಲಿಂದ ಮುಂದ ಮರಾಠಿ ಸೀಮಿ. ನಮ್ಮ ಕಂಪನಿಗೋಳು ಅತ್ತಾಗ ಹೋಗೂದಿಲ್ಲ. ಇಲ್ಲೇ ಹೊಸದಾಗಿ ಬಾಳೇವು ಮಾಡತೇನಿ” ಎನ್ನುತ್ತಿದ್ದಳು. ಆದರೆ ನಮ್ಮ ಊರಿನ ಅರ್ಧ ಮಂದಿ ಚಕ್ಕಡಿ ಕಟ್ಟಿಕೊಂಡು ಬಬಲೇಶ್ವರಕ್ಕೆ ಹೋಗಿ ಅವಳ ನಾಟಕ ನೋಡಿ ಬಂದವರೇ. ಗುರುತು ಮರೆಸುವುದು ಎಲ್ಲಿಂದ ಆಗಬೇಕು… ಅಣ್ಣನ ತಾಯಿ, ನಾವು ಆಯಿ ಎನ್ನುತ್ತಿದ್ದ ಮುದುಕಿ, ಜಗಳವನ್ನೇನೂ ಮಾಡಲಿಲ್ಲ. ವೈನಿ ಮಾಡಿದ ರೊಟ್ಟಿಯನ್ನೂ ತಿನ್ನುತ್ತಿದ್ದಳು. ಆದರೆ ಬಂದವರ ಮುಂದೆ ಅವಳನ್ನು “ಆಕಿ” ಎನ್ನುತ್ತಿದ್ದಳೇ ಹೊರತು ಸೊಸೆ ಎಂದು ಒಮ್ಮೆಯೂ ಹೇಳಲಿಲ್ಲ.

ವೈನಿಯನ್ನು ನಿಜವಾಗಿ ನೋಯಿಸಿದ್ದು ಒಡಪು. ನಮ್ಮ ಕಡೆ ಮದುವೆ, ಬಸುರಿಯ ಕುಬಸ, ಮಗುವಿನ ತೊಟ್ಟಿಲು ಯಾವುದೇ ಇರಲಿ, ಮುತ್ತೈದೆಯರು ಸಾಲಾಗಿ ಕುಳಿತಾಗ ಪ್ರತಿಯೊಬ್ಬಳೂ ತನ್ನ ಗಂಡನ ಹೆಸರನ್ನು ಪದ್ಯದಲ್ಲಿ ಕೂಡಿಸಿ ಹೇಳಬೇಕು. ಹೇಳದೆ ಬಿಡುವುದಿಲ್ಲ. ಬೇರೆ ದಿನಗಳಲ್ಲಿ ಬಾಯಿಗೆ ಬಾರದ ಹೆಸರು ಅಂದು ಬರುತ್ತದೆ. ವೈನಿಯನ್ನು ಎಲ್ಲರೂ ಕರೆಯುತ್ತಿದ್ದರು, ಅರಿಶಿನ ಕುಂಕುಮವನ್ನೂ ಕೊಡುತ್ತಿದ್ದರು. ಒಡಪಿನ ಸರದಿ ಮಾತ್ರ ಅವಳ ಪಕ್ಕದವಳಿಂದ ಆಚೆಯವಳಿಗೆ ಹೋಗುತ್ತಿತ್ತು.

“ನನ್ನ ಪಾಳಿ ಬರತೈತಿ. ಬಂದಾಗ ತಡವರಿಸಬಾರದು, ನೀ ಕಲಿಸು” ಎಂದು ನನ್ನನ್ನು ಕೂರಿಸಿಕೊಂಡಳು. ಇಡೀ ನಾಟಕವೇ ಬಾಯಿಪಾಠವಿದ್ದವಳಿಗೆ ನಾಲ್ಕು ಸಾಲು ಯಾವ ಲೆಕ್ಕ. ರೊಟ್ಟಿ ಬಡಿಯುತ್ತ ಹೇಳುತ್ತಿದ್ದಳು, “ಎರಿ ಹೊಲಕ್ಕ ಬಿಳಿಜ್ವಾಳ ಚೆಂದ, ಬಿಳಿಜ್ವಾಳದ ರೊಟ್ಟಿಗಿ ಬೆಣ್ಣಿ ಚೆಂದ…” ಗೋಡೆಯಾಚೆ ನಮ್ಮ ಅಡುಗೆಮನೆಗೂ ಕೇಳುತ್ತಿತ್ತು. ಅಷ್ಟು ಚೆನ್ನಾಗಿ ಹೇಳುತ್ತಿದ್ದಳು.

ಮರುವರ್ಷ ಶ್ರಾವಣದಲ್ಲಿ ನನ್ನ ಅಕ್ಕನ ಮಗುವನ್ನು ತೊಟ್ಟಿಲಿಗೆ ಹಾಕಿದೆವು. ಪಡಸಾಲೆಯ ತುಂಬ ಹೆಂಗಸರು. ಒಡಪು ಶುರುವಾಯಿತು. ವೈನಿಯ ಪಕ್ಕದವಳು ಮುಗಿಸಿದ್ದೇ ನನ್ನ ದೊಡ್ಡವ್ವ ಆಚೆಯವಳಿಗೆ ಕೈ ಮಾಡಿ, “ಹ್ಞಾಂ, ನೀ ಹೇಳವಾ” ಎಂದಳು.

ನನಗೆ ತಡೆಯಲಾಗಲಿಲ್ಲ. “ದೊಡ್ಡವ್ವ, ನಡುವ ವೈನಿ ಉಳಿದ್ಲಲ್ಲ” ಎಂದೆ.

“ಆಕಿದೇನ ಬಿಡ ಬೇ. ಊರೂರಾಗ ಹೊಸಾ ಗಂಡನ ಹೆಸರ ಹೇಳಿ ಬಂದಾಕಿ. ಯಾವಂದು ಹೇಳಬೇಕಂತ ಆಕಿಗೇ ತಿಳೀವಲ್ದು!”

ಹೆಂಗಸರು ನಕ್ಕರು. ವೈನಿ ತಲೆ ತಗ್ಗಿಸಿದಳು. ಆಗ ಮೂಲೆಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಆಯಿ, “ಹೇಳಸ್ರಿ. ನಾನೂ ಕೇಳತೇನಿ” ಎಂದಳು. ಯಾವ ಅರ್ಥದಲ್ಲಿ ಹೇಳಿದಳೋ ಯಾರಿಗೂ ತಿಳಿಯಲಿಲ್ಲ.

ವೈನಿ ಎದ್ದು ನಿಂತಳು. ಅವಳ ದನಿ ಪಡಸಾಲೆಯನ್ನೆಲ್ಲ ತುಂಬುತ್ತದೆಂದು ನಾನು ಕಾದೆ. “ಎರಿ ಹೊಲಕ್ಕ…” ಎಂದಳು. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ. ಅವಳ ಮುಖ ಕೆಂಪಾಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದಳು, ಮತ್ತೆ ಸುತ್ತಿದಳು. ಮುಂದಿನ ಮಾತೇ ಬರಲಿಲ್ಲ.

“ಯಾಕ ಬೇ, ಪರದೆ ಹಿಂದಿಂದ ಯಾರರ ಹೇಳಿಕೊಡಬೇಕೇನು?” ಎಂದಳು ದೊಡ್ಡವ್ವ.

ಮತ್ತೆ ನಗು. ಇವತ್ತು ತಪ್ಪಿದರೆ ಇನ್ನು ಯಾರೂ ಅವಳನ್ನು ಕೇಳುವುದಿಲ್ಲ ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

ಆಯಿ ಬಾಯೊಳಗಿನ ಎಲೆ ಉಗುಳಿ ಬಂದಳು. “ನಗಬ್ಯಾಡ್ರಿ. ವೇಷದ ಗಂಡ ಆಗಿದ್ರ ಗಡಗಡ ಹೇಳತಿದ್ಲು. ಖರೇ ಗಂಡನ ಹೆಸರಿಗೆ ನಾಚಿಕಿ ಬರತೈತಿ. ನಿಮಗ್ಯಾರಿಗೂ ಬಂದಿಲ್ಲೇನು?” ಎಂದವಳು ದೊಡ್ಡವ್ವನ ಕಡೆ ತಿರುಗಿದಳು. “ನೀ ಮದುವ್ಯಾದ ಹೊಸದಾಗಿ ಒಡಪು ಹೇಳಂದ್ರ ಜ್ವಾಳದ ಚೀಲದ ಹಿಂದ ಅಡಗಿ ಕುಂತಿದ್ದಿ. ಹುಡುಕಿ ತಂದಾಕಿ ನಾನ!”

ಈ ಸಲ ನಗು ದೊಡ್ಡವ್ವನ ಮೇಲೆ ಬಿತ್ತು. ದೊಡ್ಡವ್ವನೂ ನಕ್ಕಳು.

“ಬಾ ಇಲ್ಲೆ, ನನ್ನ ಕಿವ್ಯಾಗ ಹೇಳು” ಎಂದು ಆಯಿ ಬಗ್ಗಿದಳು. ವೈನಿ ಅವಳ ಹೆಗಲು ಹಿಡಿದುಕೊಂಡು ಕಿವಿಯ ಹತ್ತಿರ ಬಾಯಿ ಇಟ್ಟಳು. ಆಯಿ ನೆಟ್ಟಗೆ ನಿಂತು, “ಹೇಳಿದ್ಲು. ಚೆಂದ ಹೇಳಿದ್ಲು ನನ್ನ ಸೊಸಿ. ಮುಂದಿನಾಕಿ ಯಾರದೀರಿ?” ಎಂದಳು.

ಅಂದಿನಿಂದ ಓಣಿಯಲ್ಲಿ ಯಾವ ಕಾರ್ಯವಾದರೂ ಸರದಿ ವೈನಿಯನ್ನು ದಾಟಿ ಹೋಗಲಿಲ್ಲ. ಪ್ರತಿ ಸಲವೂ ಅವಳು ನಾಚುತ್ತಿದ್ದಳು, ಮೆಲ್ಲಗೆ ಹೇಳುತ್ತಿದ್ದಳು. ಹೆಚ್ಚು ವರ್ಷ ಹೇಳಲಿಲ್ಲ… ೧೯೬೫ರ ಮಳೆಗಾಲದಲ್ಲಿ ಕಾಮಾಲೆಯಾಗಿ ತೀರಿಕೊಂಡಳು.

ಗುಡಿಯ ಹಿಂದೆ ಆ ವೇಷದ ಬಟ್ಟೆಗಳನ್ನು ಕಂಡ ಮೇಲೆ ಸುಮ್ಮನಿರಲಾಗದೆ ಈ ಭಾನುವಾರ ಊರಿಗೆ ಹೋಗಿದ್ದೆ. ಆಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಆವತ್ತು ವೈನಿ ಕಿವಿಯಲ್ಲಿ ಯಾವ ಒಡಪು ಹೇಳಿದಳೆಂದು ಕೇಳಿದೆ.

“ಏನೂ ಹೇಳಲಿಲ್ಲ ಬೇ. ಬರೇ ಉಸರ ಬಂತು. ಅಳಾಕತ್ತಿದ್ಲು, ನನ್ನ ಕಿವಿ ಎಲ್ಲಾ ಹಸಿ ಆತು.”

“ಮತ್ತ ಹೇಳಿದ್ಲಂತ ಅಂದಿ?”

“ಅಷ್ಟು ಮಂದ್ಯಾಗ ನನ್ನ ಸೊಸಿನ್ನ ನಾ ಬಿಟ್ಟಕೊಡ್ಲೇನು?”

ಅಷ್ಟರಲ್ಲಿ ಅಣ್ಣ ಅಂಗಡಿ ಮುಚ್ಚಿ ಬಂದು ಅಂಗಳದಲ್ಲಿ ಕಾಲು ತೊಳೆದುಕೊಂಡ. ಆಯಿ ಕಟ್ಟೆಯಿಂದಲೇ ಅವನನ್ನು ಹೆಸರು ಹಿಡಿದು ಊಟಕ್ಕೆ ಕರೆದಳು. ಆ ಹೆಸರು ಹೇಳಲು ನಾಚಿಕೊಳ್ಳುವವರು ಆ ಮನೆಯಲ್ಲಿ ಈಗ ಯಾರೂ ಇಲ್ಲ.