ಮೊದಲ ಟ್ರಿಪ್ಪಿನ ಫ್ರೆಂಚ್ ಹಾಡು

ನಮ್ಮ ಕಡೆಯ ಪ್ರೈವೇಟ್ ಬಸ್ಸಿಗೆ ಒಂದು ಕ್ರಮವಿದೆ. ಬೆಳಗಿನ ಮೊದಲ ಟ್ರಿಪ್ಪು ಹೊರಡುವ ಮುಂಚೆ ಡ್ರೈವರ್ ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ ಒಂದು ದೇವರ ಹಾಡು ಹಾಕುತ್ತಾರೆ. ಹಾಡು ಶುರುವಾದ ಕೂಡಲೇ ಒಳಗಿದ್ದವರೆಲ್ಲ ಕೈ ಮುಗಿಯುತ್ತಾರೆ. ಅದು ಮುಗಿದ ಮೇಲೆ ಸಿನಿಮಾ ಹಾಡು ಎಷ್ಟು ಬೇಕಾದರೂ ಕೂಗಲಿ, ಯಾರೂ ಯಾಕೆಂದು ಕೇಳುವುದಿಲ್ಲ.

ಬೇಗಾರಿನಲ್ಲಿ ರಾತ್ರಿ ಹಾಲ್ಟ್ ಆಗುವ ಆ ಬಸ್ಸಿನಲ್ಲಿ ನಾನು ಜಯಪುರ, ಕೊಪ್ಪ ದಾಟಿ ಎನ್.ಆರ್.ಪುರದ ಹೈಸ್ಕೂಲಿಗೆ ಹೋಗುತ್ತಿದ್ದೆ. ಲೆಕ್ಕದ ಟೀಚರ್. ಉತ್ತರ ಸರಿಯಿದ್ದರೂ ಸ್ಟೆಪ್ಪು ನೋಡದೆ ಮಾರ್ಕು ಕೊಟ್ಟವಳಲ್ಲ. ಮನೆಯಲ್ಲಿ ಹಾಲು ಸ್ವಲ್ಪ ತೆಳ್ಳಗಿದ್ದರೂ ಹಸುವಿನ ಮೇಲೆ ಅನುಮಾನ ಪಡುತ್ತೇನೆಂದು ಅತ್ತೆ ನಗಾಡುತ್ತಾರೆ.

ನನಗಿದ್ದ ದೊಡ್ಡ ಕಷ್ಟ ವಾಂತಿ. ಜಯಪುರ ದಾಟಿ ತಿರುವುಗಳು ಶುರುವಾದರೆ ಹೊಟ್ಟೆ ತೊಳಸಿ ಬರುತ್ತಿತ್ತು. ಕೈಯಲ್ಲಿ ನಿಂಬೆಹಣ್ಣು, ಚೀಲದಲ್ಲಿ ಪ್ಲಾಸ್ಟಿಕ್ ಕವರು, ಮೂರನೇ ಕಿಟಕಿಯ ಸೀಟು. ಒಂದು ದಿನವಂತೂ ಕೊಪ್ಪದಲ್ಲೇ ಇಳಿದು ಅಳುತ್ತಾ ಮನೆಗೆ ವಾಪಸ್ಸು ಬಂದಿದ್ದೆ. ವರ್ಗಾವಣೆ ಸಿಗಲಿಲ್ಲ. ಹೀಗೇ ಆದರೆ ಮಳೆಗಾಲಕ್ಕೆ ಮೊದಲು ಕೆಲಸ ಬಿಡುವುದೆಂದು ಗಂಡನಿಗೆ ಹೇಳಿಯಾಗಿತ್ತು. ಆ ಕೆಲಸ ನನಗೆ ಜೀವಕ್ಕೆ ಜೀವ. ಬಿಡುವ ಮಾತಾಡಿದ ದಿನ ನಾನು ಊಟ ಮಾಡಲಿಲ್ಲ.

ಆಗಲೇ ಆ ಹಾಡು ಬಂದದ್ದು.

ಒಂದು ಸೋಮವಾರ ಊದಿನಕಡ್ಡಿ ಹಚ್ಚಿದ ಡ್ರೈವರ್ ಹೊಸದೊಂದು ಪೆನ್‌ಡ್ರೈವ್ ಚುಚ್ಚಿದರು. ಮೊದಲು ಗಿಟಾರಿನ ನಾಲ್ಕು ತಂತಿ ಮೆಲ್ಲಗೆ ಮಿಡಿದವು. ಆಮೇಲೆ ಗಂಡಸಿನ ದನಿ. ಬಾಯಲ್ಲಿ ಎಲೆಯಡಿಕೆಯ ಕವಳ ಇಟ್ಟುಕೊಂಡು, ರಸ ಚೆಲ್ಲದ ಹಾಗೆ ಮಾತಾಡುವವರಂತೆ ಅರ್ಧ ಮೂಗಿನಲ್ಲಿ ಹಾಡುತ್ತಿದ್ದ. ಭಾಷೆ ತಿಳಿಯದಿದ್ದರೂ ಮೊದಲ ಹಾಡೆಂದರೆ ದೇವರದೇ ಅಲ್ಲವೇ? ನಾವೆಲ್ಲ ಕೈ ಮುಗಿದೆವು. ಜಯಪುರಕ್ಕೆ ಹೂ ಮಾರಲು ಹೋಗುವ ಅಜ್ಜಿ, ನನ್ನ ಪಕ್ಕದ ಸೀಟಿನವರು, ಗಲ್ಲವನ್ನೂ ಬಡಿದುಕೊಂಡರು.

ಎರಡನೇ ಹಾಡೂ ಹಾಗೇ ಬಂದಾಗ ನನಗೆ ಅನುಮಾನ ಹತ್ತಿತು. ಹಾಡು ಗುರುತಿಸುವ ಆ್ಯಪ್ ತೆರೆದು ಮೊಬೈಲನ್ನು ಸ್ಪೀಕರಿನ ಕಡೆ ಹಿಡಿದೆ. ಫ್ರೆಂಚ್ ಆಲ್ಬಮ್. ಪದಗಳನ್ನು ಕನ್ನಡಕ್ಕೆ ತಿರುಗಿಸಿದರೆ ಬಂದದ್ದು ದ್ರಾಕ್ಷಿಯ ಮದ್ಯ, ಮಳೆ, ಯಾರದೋ ಬರಿಯ ಭುಜ. ಮೈಯೆಲ್ಲ ಉರಿಯಿತು. ಬೆಳಗ್ಗೆ ಸ್ನಾನ ಮಾಡಿ ಬಂದು ನಾನು ಕೈ ಮುಗಿದದ್ದು ಕುಡುಕನ ಹಾಡಿಗೆ!

ಮರುದಿನದಿಂದ ದೇವರ ಹಾಡು ಮೊದಲಿನಂತೆ ಬಂತು, ಆದರೆ ಅದರ ಹಿಂದೆಯೇ ಫ್ರೆಂಚಿನವನು. ದಿನವೂ ಅದೇ ಆಲ್ಬಮ್. ಇಪ್ಪತ್ತು ವರ್ಷ ಇದೇ ರಸ್ತೆಯಲ್ಲಿ ಸಿನಿಮಾ ಹಾಡಿಗೆ ಸ್ಟೇರಿಂಗ್ ತಟ್ಟಿದ ಮನುಷ್ಯನಿಗೆ ಇದೆಲ್ಲಿಂದ ಹಿಡಿಯಿತು? ನಾನು ಒಂದೊಂದೇ ಸ್ಟೆಪ್ಪು ಬರೆದೆ. ಹಿಂದಿನ ತಿಂಗಳು ಸಿರಿಮನೆ ಫಾಲ್ಸ್ ನೋಡಲು ಬಂದ ವಿದೇಶಿ ಹೆಂಗಸೊಬ್ಬಳು ಮುಂದಿನ ಸೀಟಿನಲ್ಲಿ ಕೂತು ಅವರ ಜೊತೆ ನಗುತ್ತಿದ್ದಳು. ಅವರು ಈಗ ದಿನಾ ಗಡ್ಡ ಬೋಳಿಸುತ್ತಾರೆ. ಅಂಗಿಗೆ ಇಸ್ತ್ರಿ ಬಿದ್ದಿದೆ. ಹಾಡು ಬರುವಾಗ ಮುಖದಲ್ಲಿ ಎಂಥದೋ ಶಾಂತಿ. ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಇನ್ನೇನು ಸಾಕ್ಷಿ ಬೇಕು?

ನಿಜ ಹೇಳುತ್ತೇನೆ, ಹಾಡು ನನಗೂ ಹಿತವಾಗಿತ್ತು, ನನ್ನ ಸಿಟ್ಟಿಗೆ ಅದೂ ಒಂದು ಕಾರಣ. ಡ್ರಮ್ಮಿಲ್ಲ, ಕೂಗಾಟವಿಲ್ಲ. ಏನನ್ನೂ ಬೇಡದೆ, ಯಾರಿಗೂ ಬುದ್ಧಿ ಹೇಳದೆ ಹಾಡುತ್ತಾನೆ. ಐದನೇ ಹಾಡಿನಲ್ಲಿ ನಡುವೆ ಒಮ್ಮೆ ಉಸಿರು ಎಳೆದುಕೊಳ್ಳುವುದು ಕೇಳುತ್ತದೆ. ಅಲ್ಲಿ ನಾನೂ ಉಸಿರು ಎಳೆಯುತ್ತಿದ್ದೆ. ಅರ್ಥವಾಗದ್ದು ಇಷ್ಟು ಹಿತವಾಗಿದ್ದರೆ ಅದರಲ್ಲಿ ಏನೋ ಮೋಸ ಇದೆ ಎಂದೇ ನನ್ನ ನಂಬಿಕೆ. ಅಷ್ಟರಲ್ಲಿ ವಾಂತಿ ನಿಂತಿತ್ತು. ಅತ್ತೆ ಕೊಡುತ್ತಿದ್ದ ಜೀರಿಗೆ ಕಷಾಯಕ್ಕೆ ಶಹಬ್ಬಾಸ್ ಅಂದೆ. ಚೀಲದಲ್ಲಿ ಕವರು ಇಡುವುದೂ ಮರೆತುಹೋಯಿತು.

ಬಸ್ಸಿನ ಮಾಲೀಕರ ಹೆಂಡತಿ ನನ್ನ ಜೊತೆ ಓದಿದವಳು. ಒಂದು ಮದುವೆ ಮನೆಯಲ್ಲಿ ಸಿಕ್ಕಳು. ಪಂಕ್ತಿಯಲ್ಲಿ ಪಾಯಸಕ್ಕೆ ಕಾಯುತ್ತಾ ಎಲ್ಲವನ್ನೂ ಅವಳ ಕಿವಿಗೆ ಹಾಕಿದೆ. ಹೆಂಗಸಿನ ಸಂಗತಿಗೆ ಸ್ವಲ್ಪ ಒಗ್ಗರಣೆಯೂ ಬಿತ್ತು.

ಸೋಮವಾರ ಪೆನ್‌ಡ್ರೈವ್ ಇರಲಿಲ್ಲ. ದೇವರ ಹಾಡು ಮುಗಿದದ್ದೇ ಸಿನಿಮಾ ಹಾಡು ಢಮಢಮ ಎಂದಿತು. ಡ್ರೈವರ್ ಯಾರ ಮುಖವನ್ನೂ ನೋಡಲಿಲ್ಲ. ಜಯಪುರದಲ್ಲಿ ಅಜ್ಜಿ ಇಳಿದರು. ಮೂರನೇ ತಿರುವಿಗೆ ನನ್ನ ಬಾಯಲ್ಲಿ ನೀರು ತುಂಬಿತು. ಕವರಿಗೆ ತಡಕಾಡುವಷ್ಟರಲ್ಲಿ ಸೀರೆಯ ಮೇಲೇ ಆಗಿಹೋಯಿತು. ಬಸ್ಸು ನಿಂತಿತು. ಡ್ರೈವರ್ ತಮ್ಮ ನೀರಿನ ಬಾಟಲಿ ತಂದು ಕೊಟ್ಟು ಮುಂದೆ ಹೋದರು.

ಕಂಡಕ್ಟರ್ ಹಳೆ ಪೇಪರ್ ಹಾಸುತ್ತಾ ಗೊಣಗಿದ: "ಯಾರೋ ಪುಣ್ಯಾತ್ಮರು ಓನರ್ ಹತ್ರ ಕಂಪ್ಲೇಂಟ್ ಮಾಡಿದಾರೆ ಮೇಡಂ. ನೀವು ಅವತ್ತು ಕೊಪ್ಪದಲ್ಲಿ ಅತ್ಕೊಂಡು ಇಳಿದ್ರಲ್ಲ, ಆಗಿಂದ ಅಣ್ಣನಿಗೆ ಅದೇ ತಲೆಬಿಸಿ. ಸಿನಿಮಾ ಹಾಡು ಬಂದ್ರೆ ಕಾಲು ತಂತಾನೇ ಆಕ್ಸಿಲೇಟರ್ ಒತ್ತತ್ತೆ ಅಂತಿದ್ರು. ಸಿರಿಮನೆಗೆ ಬಂದಿದ್ದ ಟೂರಿಸ್ಟ್ ಕಾರಿನ ಡ್ರೈವರ್ ಹತ್ರ ಇದನ್ನ ಹಾಕಿಸ್ಕೊಂಡು ಬಂದ್ರು. ಇದು ಹಾಕಿದ್ರೆ ಬಸ್ಸು ನಲವತ್ತರ ಮೇಲೆ ಹೋಗಲ್ಲ ಮಾರಾಯ್ರೆ. ಈಗ ನೋಡಿ, ಅವರ ಮನೇಲೂ ಜಗಳ."

ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಯಿತು. ಸ್ಟೆಪ್ಪುಗಳನ್ನೆಲ್ಲ ಬರೆದಿದ್ದೆ, ಒಂದನ್ನು ಬಿಟ್ಟು: ನನ್ನ ವಾಂತಿ ಯಾವ ದಿನ ನಿಂತಿತೆಂದು ನೋಡಿರಲಿಲ್ಲ. ಶಾಲೆಗೆ ಹೋಗಿ ಸೀರೆ ತೊಳೆಯುವಾಗ ನಾಚಿಕೆಯಿಂದ ಅಳು ಬಂತು.

ಆ ಸಂಜೆಯೇ ಮಾಲೀಕರ ಹೆಂಡತಿಗೆ ಫೋನ್ ಮಾಡಿ, ನಾನು ಹೇಳಿದ್ದರಲ್ಲಿ ಕುಡುಕನ ಹಾಡೊಂದು ಬಿಟ್ಟು ಬೇರೇನೂ ನಿಜವಲ್ಲ, ಆ ಹಾಡು ಮತ್ತೆ ಹಾಕಲಿ ಎಂದೆ. ಡ್ರೈವರರ ಮನೆಗೂ ಹೋದೆ. ಅವರ ಹೆಂಡತಿ ಅಂಗಳದಲ್ಲೇ ನಿಂತು ಕೇಳಿಸಿಕೊಂಡರು, ಒಳಗೆ ಬನ್ನಿ ಎನ್ನಲಿಲ್ಲ.

ಮರುದಿನ ಕೊಪ್ಪದ ಮೊಬೈಲ್ ಅಂಗಡಿಯಲ್ಲಿ ಆಲ್ಬಮ್ ಹಾಕಿಸಿದೆ. ಅದರ ಮಾರನೆ ಬೆಳಗ್ಗೆ ಡ್ರೈವರ್ ಸೀಟಿನ ಹತ್ತಿರ ಹೋಗಿ ಪೆನ್‌ಡ್ರೈವ್ ಚಾಚಿದೆ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದ್ರಲ್ಲಿ ಎಂತ ಉಂಟು ಮೇಡಂ?"

"ಅದೇ ಹಾಡು. ಓನರ್ ಹತ್ರ ಹೇಳಿದ್ದು ನಾನೇ. ತಪ್ಪಾಯ್ತು."

"ಗೊತ್ತು. ಮನೇಲಿ ಹೇಳಿದ್ಲು" ಎಂದರು. ಮತ್ತೊಮ್ಮೆ ಪೆನ್‌ಡ್ರೈವ್ ನೋಡಿದರು. ಅವರ ಅನುಮಾನ ಹೋಗಿರಲಿಲ್ಲ, ಹೋಗಬೇಕೆಂದು ಕೇಳಲು ನನಗೆ ಮುಖವೂ ಇರಲಿಲ್ಲ. "ಕೂತ್ಕೊಳ್ಳಿ, ಟೈಮಾಯ್ತು."

ಊದಿನಕಡ್ಡಿ ಹಚ್ಚಿದರು. ದೇವರ ಹಾಡು ಬಂತು, ಮುಗಿಯಿತು. ಎಲ್ಲರೂ ಕೈ ಇಳಿಸಿ ಟಿಕೆಟ್ಟಿಗೆ ಚಿಲ್ಲರೆ ತೆಗೆಯತೊಡಗಿದರು. ಆಮೇಲೆ ಗಿಟಾರಿನ ನಾಲ್ಕು ತಂತಿ ಮೆಲ್ಲಗೆ ಮಿಡಿದವು. ಬಸ್ಸು ನಿಧಾನವಾಗಿ ರಸ್ತೆಗೆ ಇಳಿಯಿತು. ಕನ್ನಡಿಯಲ್ಲಿ ಅವರ ಮುಖದ ಅರ್ಧ ಕಾಣುತ್ತಿತ್ತು. ನಾನು ಅದನ್ನೇ ನೋಡುತ್ತಾ ಕೈ ಮುಗಿದೆ.

ಅಜ್ಜಿ ಮೊಣಕೈಯಲ್ಲಿ ತಿವಿದರು. "ದೇವ್ರ ಹಾಡು ಆಗ್ಲೇ ಮುಗೀತಲ್ಲೇ ಮಾರಾಯ್ತಿ."

"ಗೊತ್ತುಂಟು ಅಜ್ಜಿ" ಎಂದೆ.