ಮುರಿದ ಸೂಜಿಯ ತುದಿ

ಹೊಲಿದ ಬಟ್ಟೆ ಪರೀಕ್ಷಿಸುವ ಚೆಕ್ಕರ್ ರುದ್ರಮ್ಮ ಎಲ್ಲರೆದುರು ತನ್ನ ಹೊಲಿಗೆ ಲೈನ್ ನಿಲ್ಲಿಸಿದಳೆಂಬ ಸಿಟ್ಟು ಸೂಪರ್‌ವೈಸರ್ ಜವರಪ್ಪನಿಗೆ ಇಂದಿಗೂ ಆರಿಲ್ಲ. ಕುಶಾಲನಗರದ ಆ ಗಾರ್ಮೆಂಟ್ಸಿನಲ್ಲಿ ಸೂಜಿ ಮುರಿದರೆ, ಬಟ್ಟೆಯಲ್ಲಿ ಏನೂ ಉಳಿದಿಲ್ಲವೆಂದು ತೋರಿಸಲು, ಚೂರುಗಳನ್ನೆಲ್ಲ ಹುಡುಕಿ ಪುಸ್ತಕಕ್ಕೆ ಅಂಟಿಸಬೇಕು. ಅಂದು ತುದಿ ಸಿಗಲಿಲ್ಲ. ಹೊರಗೆ ಸರಕು ಒಯ್ಯಲು ಬಂದ ಲಾರಿಯವನು ಹಾರನ್ ಹೊಡೆಯುತ್ತಿದ್ದ.

“ನೆಲಕ್ಕೆ ಬಿದ್ದಿರ್ತದೆ, ಬಿಡಮ್ಮ! ಲಾರಿ ತಪ್ಪಿದ್ರೆ ನಂಗೆ ಕೆಲ್ಸ ನೀನು ಕೊಡ್ತೀಯಾ?” ಎಂದು ಜವರಪ್ಪ ಗದರಿದ.

“ಕೂಸಿನ ಫ್ರಾಕು ಸಾರ್. ನಿಮ್ಮ ಮೊಮ್ಮಗಳಿಗೆ ಹಾಕ್ತೀನಿ ಅನ್ನಿ, ಈಗ್ಲೇ ಬಿಡ್ತೀನಿ.”

ಜವರಪ್ಪ ಬಯ್ಯುತ್ತಲೇ ಪೆಟ್ಟಿಗೆಗಳನ್ನು ಬಿಚ್ಚಿದ. ರುದ್ರಮ್ಮ ಒಂದೊಂದೇ ಫ್ರಾಕಿನ ಮೇಲೆ ಅಯಸ್ಕಾಂತ ಆಡಿಸಿದಳು. ಅರವತ್ತೊಂದನೆಯದರ ಕೊರಳಂಚಿನಲ್ಲಿ ತುದಿ ಸಿಕ್ಕಿತು.

ತಡವಾಗಿಯಾದರೂ ಲಾರಿ ಹೊರಟಿತು, ಜವರಪ್ಪನ ಕೆಲಸವೂ ಉಳಿಯಿತು. “ನೀನು ಹೇಳಿದ್ದೇ ಸರಿ ಕಣಮ್ಮ” ಎಂಬ, ಅವಳಿಗೆ ಸಲ್ಲಬೇಕಿದ್ದ ಮಾತನ್ನು ಮಾತ್ರ ಅವಳು ಕೆಲಸ ಬಿಟ್ಟು ಹೋಗುವವರೆಗೂ ಅವನು ಆಡಲಿಲ್ಲ.