ಹಿತ್ತಲ ಟೊಮೆಟೊ ಮತ್ತು ಯಜಮಾನರ ಬ್ಲೀಚಿಂಗ್ ಪೌಡರ್

ಹದಿನೈದು ದಿನ ಮುಟ್ಟಿ ನೋಡಿ, ನೀರು ಚಿಮುಕಿಸಿ ಸಾಕಿದ್ದ ನನ್ನ ಗೊಬ್ಬರದ ಗುಡ್ಡೆಯ ಮೇಲೆ ನಮ್ಮ ಯಜಮಾನರು ಬ್ಲೀಚಿಂಗ್ ಪೌಡರ್ ಸುರಿದುಬಿಟ್ಟರು. ಸಿಟ್ಟಿನಿಂದಲ್ಲ, ಕಾಳಜಿಯಿಂದ!

ಅವರು ಆರೋಗ್ಯ ಇಲಾಖೆಯಿಂದ ರಿಟೈರ್ ಆದವರು. ಸರ್ವಿಸ್ ಪೂರ್ತಿ ಚರಂಡಿ, ಬಾವಿಗಳಿಗೆ ಬ್ಲೀಚಿಂಗ್ ಹಾಕಿಸಿದ್ದಾರೆ. (ನಮ್ಮ ಮನೆಯಲ್ಲಿ ಸಕ್ಕರೆ ಮುಗಿದೀತು, ಅದು ಮುಗಿಯುವುದಿಲ್ಲ.)

ಕಳೆದ ವರ್ಷ ಬೆಂಗೇರಿಯ ನಮ್ಮ ಹಿತ್ತಲಲ್ಲಿ ಹೂಬಿಟ್ಟ ಟೊಮೆಟೊ ಗಿಡಗಳು ಹಸಿರಾಗಿರುವಾಗಲೇ ಸೊರಗಿ ಸತ್ತವು. ಕಾಂಡ ಕತ್ತರಿಸಿ ನೀರಿನ ಗ್ಲಾಸಿನಲ್ಲಿಟ್ಟರೆ ಹಾಲಿನಂಥ ಎಳೆ ಇಳಿಯಿತು. ಸೊರಗು ರೋಗದ ಬ್ಯಾಕ್ಟೀರಿಯಾ! ಯಜಮಾನರು ತೀರ್ಪು ಕೊಟ್ಟರು: "ಇನ್ನೊಂದ್ ಸಲ ಹಿಂಗಾತಂದ್ರ ಹಿತ್ತಲಕ್ಕೆಲ್ಲಾ ಫರಸಿ ಕಲ್ಲು ಹಾಕಸ್ತೇನಿ, ನೋಡು."

ನಮ್ಮ ಮನೆಗೆ ಉಳಿದಿರುವ ಮಣ್ಣು ಅದೊಂದೇ. ಬಿಟ್ಟುಕೊಡಲೇ?

ಬೇರಿನ ಸುತ್ತ ಒಳ್ಳೆಯ ಬ್ಯಾಕ್ಟೀರಿಯಾ ಮೊದಲೇ ಬಂದು ಕೂತರೆ ಕೆಟ್ಟದ್ದಕ್ಕೆ ಜಾಗ ಸಿಗುವುದು ಕಷ್ಟ, ಗಿಡವೂ ಚೆನ್ನಾಗಿ ಬೆಳೆಯುತ್ತದೆ ಎಂದಳು ಕೃಷಿ ಓದಿದ ಗೆಳತಿ. ಸೂಡೊಮೊನಾಸ್ ಎಂಬ ಅಂಥದ್ದೇ ಬ್ಯಾಕ್ಟೀರಿಯಾದ ಪ್ಯಾಕೆಟ್ ತಂದು, ಕಳಿತ ಸಗಣಿ ಗೊಬ್ಬರಕ್ಕೆ ಬೆರೆಸಿ, ನೆರಳಲ್ಲಿ ಹಸಿ ಗೋಣಿಚೀಲ ಹೊದಿಸಿಟ್ಟಿದ್ದೆ. ಯಜಮಾನರು ಆ ಖಾಲಿ ಪ್ಯಾಕೆಟ್ ಓದಿಯೇ ಬ್ಲೀಚಿಂಗ್ ಸುರಿದದ್ದು.

"ರೊಕ್ಕಾ ಕೊಟ್ಟು ಬ್ಯಾಕ್ಟೀರಿಯಾ ತಂದೀಯಲ್ಲ, ತಲಿಗಿಲಿ ಕೆಟ್ಟೈತೇನ್ ನಿನಗ?"

"ರೀ, ನಿನ್ನೆ ಎರಡ್ ವಾಟಗಾ ಮಸರು ಉಂಡ್ರಲ್ಲ, ಅದರಾಗ ಏನಿತ್ತು ಅನ್ಕೊಂಡೀರಿ?"

ಯಜಮಾನರು ಬ್ಲೀಚಿಂಗ್ ಡಬ್ಬಿಯ ಮುಚ್ಚಳ ಬಿಗಿದು ಒಳಗೆ ಹೋದರು.

ನಾನು ಅತ್ತೆನೇ? ಅತ್ತೆ. ಆಮೇಲೆ ಮೂಗು ಒರೆಸಿಕೊಂಡು ಮತ್ತೊಂದು ಪ್ಯಾಕೆಟ್ ತಂದೆ. (ಈ ಸಲ ಬ್ಲೀಚಿಂಗ್ ಡಬ್ಬಿ ನನ್ನ ಸೀರೆಗಳ ಕಪಾಟಿನೊಳಗೆ, ಕೀಲಿ ಹಾಕಿ.) ಹೊಸ ಗೊಬ್ಬರ ಹದವಾದ ಮೇಲೆ ಮಣ್ಣಿಗೆ ಸೇರಿಸಿದೆ. ಸಸಿಗಳ ಬೇರನ್ನೂ ಬ್ಯಾಕ್ಟೀರಿಯಾ ಕದಡಿದ ನೀರಲ್ಲಿ ಅದ್ದಿ ನೆಟ್ಟೆ. ಯಜಮಾನರು ದೂರದಿಂದ ನೋಡಿ ಒಳಗೆ ಹೋಗಿ ಕೈ ತೊಳೆದುಕೊಂಡರು. ಏನನ್ನೂ ಮುಟ್ಟಿರಲಿಲ್ಲ!

ಗೆದ್ದೆನೇ? ಪೂರ್ತಿ ಇಲ್ಲ. ಹನ್ನೆರಡು ಗಿಡಗಳಲ್ಲಿ ಮೂರು ಸೊರಗಿದವು. ಯಜಮಾನರು ಫರಸಿಯವನನ್ನು ಕರೆಸಿಯೇಬಿಟ್ಟರು. ಆತ ಟೇಪು ಬಿಚ್ಚಿದ. ನಾನು ಹೋಗಿ ಗಿಡಗಳ ಮುಂದೆ ನಿಂತೆ.

"ಒಂಬತ್ತ್ ಗಿಡ ಇನ್ನೂ ನಿಂತಾವು. ಅವು ನಿಂತಿರೋತನಕ ನಾನೂ ಸರಿಯಂಗಿಲ್ಲ."

ಫರಸಿಯವನು ಯಜಮಾನರ ಮುಖ ನೋಡಿದ, ನನ್ನ ಮುಖ ನೋಡಿದ, ಟೇಪು ಸುತ್ತಿಕೊಂಡು ಹೋದ.

ನಿನ್ನೆ ಮೊದಲ ಹಣ್ಣುಗಳನ್ನು ಕಿತ್ತೆ. ಯಜಮಾನರು ರೊಟ್ಟಿಗೆ ಎರಡು ಸಲ ಟೊಮೆಟೊ ಚಟ್ನಿ ಹಾಕಿಸಿಕೊಂಡರು. ಫರಸಿಯ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಕಪಾಟಿನ ಕೀಲಿ ಮಾತ್ರ ಇನ್ನೂ ನನ್ನ ಸೆರಗಿನ ಗಂಟಿನಲ್ಲೇ ಇದೆ. ಧೈರ್ಯವಿದ್ದರೆ ಕೇಳಲಿ!